ಗ್ರಾಮದ ರಸ್ತೆಯೂ ಗ್ರಾಮಸ್ಥರ ಕೂಲಿಯೂ

ಗ್ರಾಮದ ದಾರಿದ್ರ್ಯಕ್ಕೆ ಮಳೆಯ ಅಭಾವವೊಂದೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ಒಳ್ಳೆಯ ಮಳೆಯಾದ ವರ್ಷದಲ್ಲಿಯೂ, ಖುಷ್ಕಿ ಬೇಸಾಯದ ಊರುಗಳಲ್ಲಿ ಸುಗ್ಗಿ ಮುಗಿದಂದಿನಿಂದ ಮುಂಗಾರಿನವರೆಗೆ ಕೂಲಿಗಾರರಿಗೂ ಸಣ್ಣ ಹಿಡುವಳಿದಾರರಿಗೂ ಕೆಲಸವಿಲ್ಲದಿರುವುದುಂಟು. ಸಾಲ ಬೆಳೆಯುವುದೂ, ದನಕರುಗಳು ಮಾರಾಟವಾಗುವುದೂ, ಸಂಸಾರಗಳು ಊರು ಬಿಡುವುದೂ ಈ ಕಾಲದಲ್ಲಿಯೇ. ಮಣ್ಣಿನ ಕೆಲಸಕ್ಕೆ ಮಳೆಯ ಅಡ್ಡಿಯಿಲ್ಲದ ಕಾಲವೂ ಇದೇ. ಆದಕಾರಣ ಊರಿನ ರಸ್ತೆಯನ್ನು ಊರಿನವರಿಂದಲೇ ಆಗ ಮಾಡಿಸಿದರೆ ಎರಡು ಫಲಗಳು ದೊರೆಯುತ್ತವೆ. ಮೊದಲನೆಯದು ಕೂಲಿ, ಎರಡನೆಯದು ಬೆಳೆಯನ್ನು ಪೇಟೆಗೆ ಸಾಗಿಸುವ ದಾರಿ. ಇವೆರಡರಲ್ಲಿ ಯಾವುದೊಂದು ಕೆಟ್ಟರೂ ಶ್ರಮವು ವ್ಯರ್ಥವಾಗುವುದು.

ಕೂಲಿಯ ವಿಷಯ.— ಬಳ್ಳಾರಿ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ, 1877ರ ಕ್ಷಾಮದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಒಂದು ಆಣೆಗೆ ಇಳಿಸಿದನು. ದಿನವೆಲ್ಲ ಮಣ್ಣು ಅಗೆಯುವ ದೇಹಕ್ಕೆ ಇಷ್ಟು ಆಹಾರ ಸಾಲದೆಂದು ವೈದ್ಯಾಧಿಕಾರಿ ಕಾರ್ನಿಷ್ ವಿರೋಧಿಸಿದನು. ಅದೇ ವರ್ಷ ಕೂಲಿಯನ್ನು ಮತ್ತೆ ಏರಿಸಬೇಕಾಯಿತು. ಹೊಟ್ಟೆ ತುಂಬದ ಕೂಲಿಯು ಪರಿಹಾರವಾಗಲಾರದೆಂಬುದೇ ಇದರ ಪಾಠ. ಮಹಾರಾಷ್ಟ್ರವು 1970ರಿಂದ 1973ರವರೆಗಿನ ಬರದಲ್ಲಿ ರಸ್ತೆ, ಕೆರೆ, ಬದುಗಳ ಕೆಲಸವನ್ನು ವಿಸ್ತಾರವಾಗಿ ತೆರೆದು, 1977ರಲ್ಲಿ ಉದ್ಯೋಗ ಖಾತರಿಯ ಶಾಸನವನ್ನು ಮಾಡಿತು. ಭಾರತದ ಪಾರ್ಲಿಮೆಂಟು 2005ರಲ್ಲಿ ಮಾಡಿದ ಗ್ರಾಮೀಣ ಉದ್ಯೋಗ ಖಾತರಿ ಶಾಸನವು ಗುತ್ತಿಗೆದಾರರನ್ನು ದೂರವಿಟ್ಟು, 15 ದಿನಗಳೊಳಗೆ ಕೂಲಿ ಸಲ್ಲಬೇಕೆಂದೂ, ಕೆಲಸ ಪಡೆಯುವವರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ತ್ರೀಯರಿರಬೇಕೆಂದೂ, ಲೆಕ್ಕವು ಗ್ರಾಮಸಭೆಯ ತನಿಖೆಗೆ ಒಳಪಡಬೇಕೆಂದೂ ವಿಧಿಸಿತು. ಈ ನಿಯಮಗಳು ಯಾವ ಗ್ರಾಮದ ಕಾಮಗಾರಿಗಾದರೂ ಮಾದರಿಯಾಗತಕ್ಕವು.

ಕೆಲಸದ ಅಂದಾಜು.— 6 ಮೀಟರ್ ಅಗಲದ ಒಂದು ಕಿಲೋಮೀಟರ್ ದಾರಿಯನ್ನು 30 ಸೆಂಟಿಮೀಟರ್ ಎತ್ತರಿಸಲು 1,800 ಘನಮೀಟರ್ ಮಣ್ಣು ಬೇಕು. ಮೆದುನೆಲದಲ್ಲಿ ಒಬ್ಬನು ದಿನಕ್ಕೆ 2 ಘನಮೀಟರ್ ಅಗೆದು ಹಾಕುವನೆಂದಿಟ್ಟುಕೊಂಡರೆ 900 ಆಳಿನ ಕೆಲಸವಾಗುತ್ತದೆ. ಅಂದರೆ 30 ಮಂದಿಗೆ ಒಂದು ತಿಂಗಳ ಜೀವನೋಪಾಯ. ಗುಂಡಿಯ ನಡುವೆ ಅಗೆಯದ ಒಂದು ದಿಣ್ಣೆಯನ್ನು ಬಿಟ್ಟರೆ, ಆಳವನ್ನು ಎಲ್ಲರ ಎದುರಿಗೆ ಅಳೆಯಬಹುದು, ವ್ಯಾಜ್ಯಕ್ಕೆ ಆಸ್ಪದವಿರುವುದಿಲ್ಲ.

ರಸ್ತೆಯ ವಿಷಯ.— ಮಣ್ಣಿನ ರಸ್ತೆಗೆ ಗಾಡಿಗಿಂತಲೂ ನೀರೇ ದೊಡ್ಡ ಶತ್ರು. ಅಂಚಿಗಿಂತ ನಡುಭಾಗವು 12 ಸೆಂಟಿಮೀಟರಿನಷ್ಟು ಎತ್ತರವಿರಬೇಕು. ಎರಡು ಬದಿಗೂ ಚರಂಡಿ, ಹಳ್ಳ ದಾಟುವಲ್ಲಿ ಮೋರಿ ಇರಬೇಕು. ಮಣ್ಣನ್ನು ಒಮ್ಮೆಗೇ ಸುರಿಯದೆ, ತೆಳುವಾದ ಪದರಗಳಾಗಿ ಹರಡಿ, ನೀರು ಚಿಮುಕಿಸಿ, ದಮ್ಮಸು ಮಾಡಬೇಕು. ಎರೆಮಣ್ಣು ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವುದರಿಂದ ಅದನ್ನು ಮೇಲ್ಪದರಕ್ಕೆ ಹಾಕಬಾರದು, ಗರಸನ್ನು ಹಾಕಬೇಕು. ಕೆರೆಯ ಹೂಳು ಹೊಲಕ್ಕೆ ಸಲ್ಲತಕ್ಕದ್ದು, ರಸ್ತೆಗಲ್ಲ.

ಜಮೀನುದಾರರ ಆತಂಕ.— ರಸ್ತೆಗೆ ಹೊಲದ ಅಂಚು ಹೋಗುವುದೆಂದೂ, ಬೇಸಾಯಕ್ಕೆ ಆಳು ಸಿಕ್ಕದೆಂದೂ ಜಮೀನುದಾರರು ಶಂಕಿಸುವುದು ಸಹಜ. ದಾರಿಯಿಲ್ಲದ ಹೊಲಕ್ಕೆ ಗೊಬ್ಬರ ಹೋಗುವುದು ಕಷ್ಟ. ಅಲ್ಲಿನ ಬೆಳೆಯು ಕಣಕ್ಕೆ ಬರುವುದು ಅದಕ್ಕಿಂತಲೂ ಕಷ್ಟ. ಆದುದರಿಂದ ಅಂಚನ್ನು ಬಿಡುವ ಭಾರವು ಒಬ್ಬನ ಮೇಲೆಯೇ, ಅದರಲ್ಲಿಯೂ ಬಡವನ ಮೇಲೆ, ಬೀಳದಂತೆ ಎರಡು ಕಡೆಯ ಹೊಲಗಳಿಂದಲೂ ಸಮನಾಗಿ ಜಾಗ ತೆಗೆಯಬೇಕು. ಒಪ್ಪಿಗೆಯನ್ನು ಕೆಲಸಕ್ಕೆ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ಆಳಿನ ವಿಷಯದಲ್ಲಿ, ಮೊದಲ ಹದಮಳೆ ಬಿದ್ದೊಡನೆ ಕಾಮಗಾರಿಯನ್ನು ನಿಲ್ಲಿಸಿದರೆ ಸಾಕು. ಬೇಸಗೆಯಲ್ಲಿ ಊರು ಬಿಟ್ಟವನು ಬಿತ್ತನೆಗೆ ಹಿಂದಿರುಗುವನೆಂಬ ಭರವಸೆಯಿಲ್ಲ. ಊರಿನಲ್ಲಿಯೇ ಅನ್ನ ಕಂಡವನು ಬಿತ್ತನೆಯ ದಿನ ಊರಿನಲ್ಲಿರುವನು.

ರಸ್ತೆ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮೊದಲೂ ಮಳೆಗಾಲ ಕಳೆದ ಮೇಲೂ, ಚರಂಡಿ ತೆಗೆಯುವುದಕ್ಕೂ ಕುಳಿ ಮುಚ್ಚುವುದಕ್ಕೂ ಊರಿನ ನಾಲ್ಕಾರು ಮಂದಿಯನ್ನು ಕೂಲಿ ಕೊಟ್ಟು ನೇಮಿಸತಕ್ಕದ್ದು. ಇದನ್ನು ಅಲಕ್ಷಿಸಿದ ಊರಿನಲ್ಲಿ ಕೆಲವು ಮಳೆಗಾಲಗಳಲ್ಲಿಯೇ ರಸ್ತೆಯು ಕೊರಕಲಾಗುವುದು. ಬಡವನ ಬೆವರೂ ಜಮೀನುದಾರನ ನೆಲವೂ ಒಟ್ಟಿಗೆ ಹಳ್ಳ ಸೇರುವುವು.