ಹರೆಯದ ಮಕ್ಕಳ ಫೋನು: ಸುತ್ತಲಿನವರು ಮಾಡಬೇಕಾದ್ದು, ಮಾಡಬಾರದ್ದು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ತಂದೆತಾಯಿ, ಶಿಕ್ಷಕರು ಮತ್ತು ಊರಿನ ಹಿರಿಯರ ಗಮನಕ್ಕೆ.

ಹರೆಯದ ಮಕ್ಕಳು ಫೋನಿನಲ್ಲಿ ಏನು ನೋಡುತ್ತಾರೆ ಎಂಬುದು ಅವರೊಬ್ಬರ ತೀರ್ಮಾನವಲ್ಲ. ನಡುಮನೆಯಲ್ಲಿ ಅಪ್ಪ ಏನು ನೋಡುತ್ತಾನೆ, ಅರಳಿಕಟ್ಟೆಯಲ್ಲಿ ಯಾವ ವಿಡಿಯೊ ಕೈಯಿಂದ ಕೈಗೆ ಹೋಗುತ್ತದೆ, ಹಬ್ಬಕ್ಕೆ ಬೆಂಗಳೂರಿಂದ ಬಂದ ಅಣ್ಣ ಯಾವ ಆಪ್ ಹಾಕಿಕೊಟ್ಟು ಹೋದ, ಎಲ್ಲವೂ ಸೇರುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಫೋನು ಕೊಟ್ಟವರು ದೊಡ್ಡವರೇ. ಹಾಗಾಗಿ ಈ ಸೂಚನೆಗಳೂ ಮೊದಲು ದೊಡ್ಡವರಿಗೆ.

ಮಾಡಬೇಕಾದ್ದು

ರಾತ್ರಿ ಊಟವಾದ ಮೇಲೆ ಮನೆಯ ಎಲ್ಲ ಫೋನುಗಳೂ ಒಂದೇ ಕಡೆ ಇರಲಿ. ಅಪ್ಪನದೂ ಸೇರಿ.

ಒಂದೇ ತರಗತಿಯ ಪೋಷಕರು ಎಸ್‌ಡಿಎಂಸಿ ಸಭೆಯಲ್ಲಿ ಕೂತು ಒಂದೇ ಕಟ್ಟುಪಾಡು ಒಪ್ಪಿಕೊಳ್ಳಿ. ಒಬ್ಬನಿಗೆ ಮಾತ್ರ ತಡೆ ಹಾಕಿದರೆ ಅವನು ಗೆಳೆಯನ ಫೋನಿಗೆ ಹೋಗುತ್ತಾನೆ, ಹೋಗಿಯೇ ಹೋಗುತ್ತಾನೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಇನ್‌ಸ್ಟಾಗ್ರಾಂನಂಥ ಜಾಲತಾಣಗಳಲ್ಲಿ ಖಾತೆ ಇಲ್ಲ. ಅಂಥ ಕಾನೂನಿಗೆ ನಾವು ಕಾಯಬೇಕಿಲ್ಲ. ಒಂದು ಬೀದಿಯ ಹತ್ತು ಮನೆ ಒಪ್ಪಿದರೂ ಮಕ್ಕಳಿಗೆ ‘ನನಗೊಬ್ಬನಿಗೇ ಇಲ್ಲ’ ಎಂಬ ನೋವು ತಪ್ಪುತ್ತದೆ.

ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರಕ್ಕೆ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸಿ. ಮಕ್ಕಳಿಗೆ ಸದಸ್ಯತ್ವ ಉಚಿತ. ನಾಲ್ಕು ಜನ ಕೂತ ಕಡೆ ಕಂಪ್ಯೂಟರ್ ಮುಟ್ಟಿದವರಿಗೆ ಇಂಟರ್ನೆಟ್ ಗುಟ್ಟಿನ ವಸ್ತುವಾಗಿ ಉಳಿಯುವುದಿಲ್ಲ.

ಫೋಟೊ ತೋರಿಸಿ ಯಾರಾದರೂ ಹೆದರಿಸುತ್ತಿದ್ದಾರೆಂದು ಮಗು ಹೇಳಿದರೆ ಮೊದಲು ಪೂರ್ತಿ ಕೇಳಿ. ಬೈಯಬೇಡಿ. ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ, ಹಣ ಕೊಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ. ಲೈಂಗಿಕ ಕಿರುಕುಳ ಗೊತ್ತಾದರೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ರಾಜಿ ಪಂಚಾಯಿತಿಗೆ ಇಲ್ಲಿ ಜಾಗವಿಲ್ಲ.

ಮಾಡಬಾರದ್ದು

ಹೆಣ್ಣುಮಕ್ಕಳ ಕೈಯಿಂದ ಮಾತ್ರ ಫೋನು ಕಿತ್ತುಕೊಳ್ಳಬೇಡಿ. ತಮ್ಮನಿಗೆ ಹೊಸ ಫೋನು, ಅಕ್ಕನಿಗೆ ಅನುಮಾನ: ಈ ಪದ್ಧತಿ ನಮ್ಮ ಊರುಗಳಲ್ಲಿ ಇನ್ನೂ ಇದೆ, ಇದು ತಪ್ಪು. ತೊಂದರೆ ಹೇಳಿಕೊಂಡರೆ ಕಾಲೇಜು ಬಿಡಿಸುತ್ತಾರೆ, ಬೇಗ ಮದುವೆ ಮಾಡುತ್ತಾರೆ ಎಂದು ಹೆದರಿದ ಹುಡುಗಿ ಬಾಯಿ ಬಿಡುವುದಿಲ್ಲ. ಬೆದರಿಸುವವನಿಗೆ ಬೇಕಾದ್ದೂ ಅದೇ.

ಮಕ್ಕಳ ಮುಂದೆ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಆಡಬೇಡಿ. ಹಣ ಕಟ್ಟಿಸಿ ಆಡಿಸುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ.

ಗಲಾಟೆಯ ವಿಡಿಯೊಗಳನ್ನು ಮುಂದಕ್ಕೆ ಕಳಿಸಬೇಡಿ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ವಿಸರ್ಜನಾ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದವು. ಅಂಥ ಹೊತ್ತಿನಲ್ಲಿ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ತುಣುಕನ್ನು ದೊಡ್ಡವರು ಏನು ಮಾಡುತ್ತಾರೋ ಮಕ್ಕಳೂ ಅದನ್ನೇ ಮಾಡುತ್ತಾರೆ. ಎಲ್ಲಿಯದು, ಯಾವತ್ತಿನದು ಎಂದು ಗೊತ್ತಿಲ್ಲದ್ದನ್ನು ಅಲ್ಲೇ ನಿಲ್ಲಿಸಿ.

ಮಕ್ಕಳ ಅಶ್ಲೀಲ ಚಿತ್ರ ಕಳಿಸುವುದು, ಇಟ್ಟುಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು. ‘ತಮಾಷೆಗೆ ಕಳಿಸಿದೆ’ ಎಂದರೆ ಬಿಡುವುದಿಲ್ಲ.

ರೀಲ್ಸ್‌ಗಾಗಿ ವಿಶ್ವೇಶ್ವರಯ್ಯ ನಾಲೆಗೆ, ಸಂಗಮದ ಸುಳಿಗೆ, ಕುಂತಿಬೆಟ್ಟದ ಬಂಡೆಯ ಅಂಚಿಗೆ ಹೋಗಬೇಡಿ. ಹೋದವರ ವಿಡಿಯೊಗೆ ಲೈಕ್ ಒತ್ತಬೇಡಿ. ಆ ಲೈಕುಗಳೇ ಮುಂದಿನ ಹುಡುಗನನ್ನು ಏರಿ ಹತ್ತಿಸುತ್ತವೆ.

ಗೋಡೆಯ ಕ್ಯಾಲೆಂಡರಿನ ಮೇಲೆ ಇವತ್ತೇ ಬರೆದಿಡಿ: ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416.