ಶಾಲೆಯ ತಟ್ಟೆ, ಮನೆಯ ತಟ್ಟೆ

ಉಣ್ಣುವವರ ಕ್ಷೇಮವನ್ನು ಬಯಸಿ ಬಡಿಸುವುದೇ ದಾಸೋಹ. ಆ ಹೆಸರನ್ನೇ ಹೊತ್ತ ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಇಂದು ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ದೊರೆಯುತ್ತಿದೆ. ಈ ಊಟ ಮಗುವಿನ ದೇಹಕ್ಕೆ ಎಷ್ಟನ್ನು ಒದಗಿಸುತ್ತದೆ, ಮನೆಯವರು ಎಷ್ಟನ್ನು ತುಂಬಬೇಕು ಎಂಬುದನ್ನು ನಾವು ಅರಿಯಬೇಕು.

ಪ್ರಾಥಮಿಕ ತರಗತಿಯ ಮಗುವಿಗೆ ನಿಗದಿಯಾಗಿರುವುದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಇದರಿಂದ 450 ಕ್ಯಾಲೊರಿ ಶಕ್ತಿ ಹಾಗೂ 12 ಗ್ರಾಂ ಪ್ರೋಟೀನ್ ದೊರೆಯಬೇಕೆಂಬುದು ನಿಯಮ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕ್ಯಾಲೊರಿ, 23 ಗ್ರಾಂ ಪ್ರೋಟೀನ್ ಬೇಕು. ಅಂದರೆ ಶಾಲೆಯ ಊಟವು ಅರ್ಧದಷ್ಟು ಪ್ರೋಟೀನನ್ನೂ ಕಾಲುಭಾಗಕ್ಕಿಂತ ತುಸು ಹೆಚ್ಚು ಶಕ್ತಿಯನ್ನೂ ನೀಡುತ್ತದೆ. ಉಳಿದುದು ಮನೆಯ ಹೊಣೆ.

ಊಟದೊಡನೆ ಮೊಟ್ಟೆಯನ್ನೂ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲಾಗುತ್ತಿದೆ. ನಮ್ಮ ಮನೆಗಳ ಮಕ್ಕಳು ಬಾಳೆಹಣ್ಣನ್ನೇ ಆಯ್ದುಕೊಳ್ಳುವುದು ಸಹಜ. ಆದರೆ ಇವೆರಡೂ ಪೋಷಣೆಯಲ್ಲಿ ಸಮವೆಂದು ಭಾವಿಸಬಾರದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದ್ದರೆ, ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು 1 ಗ್ರಾಂ ಮಾತ್ರ. ಸಸ್ಯಾಹಾರವನ್ನು ವ್ರತವಾಗಿ ಪಾಲಿಸುವ ನಾವು ಈ 5 ಗ್ರಾಂ ಅಂತರವನ್ನು ತುಂಬುವುದನ್ನೂ ಕರ್ತವ್ಯವೆಂದು ತಿಳಿಯಬೇಕು.

ಅದು ಕಷ್ಟದ ಕೆಲಸವಲ್ಲ. 20 ಗ್ರಾಂ ಶೇಂಗಾ ಅಥವಾ 25 ಗ್ರಾಂ ಹುರುಳಿ, ಕಡಲೆ, ಹೆಸರುಕಾಳು ಇಷ್ಟನ್ನು ಒದಗಿಸಬಲ್ಲದು. ಅಕ್ಕಿಯಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಆದ್ದರಿಂದ ಅನ್ನ ಅಥವಾ ರೊಟ್ಟಿಯೊಡನೆ ಕಾಳುಪಲ್ಯ ಸೇರಿದಾಗ ಪ್ರೋಟೀನಿನ ಗುಣಮಟ್ಟ ಹೆಚ್ಚುತ್ತದೆ. ಕಾಳನ್ನು ಮೊಳಕೆ ಬರಿಸಿ, ನಿಂಬೆರಸ ಹಿಂಡಿಕೊಟ್ಟರೆ ಅದರಲ್ಲಿನ ಕಬ್ಬಿಣಾಂಶವೂ ದೇಹಕ್ಕೆ ಚೆನ್ನಾಗಿ ಒಗ್ಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಸುವ ರೂಢಿ ಮಾತ್ರ ಬೇಡ. ಅದು ಕಬ್ಬಿಣಾಂಶದ ಹೀರಿಕೆಯನ್ನು ತಡೆಯುತ್ತದೆ.

ಇನ್ನೊಂದು ಸಂಗತಿ ಬಿ12 ಜೀವಸತ್ವದ್ದು. ಇದು ಕಾಳು, ತರಕಾರಿ, ಹಣ್ಣುಗಳಲ್ಲಿ ದೊರೆಯದು. ಇದರ ಕೊರತೆಯಿಂದ ರಕ್ತಹೀನತೆಯೂ ನರದೌರ್ಬಲ್ಯವೂ ಉಂಟಾಗಬಹುದು. ಸಸ್ಯಾಹಾರಿ ಮಕ್ಕಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಇದರ ಆಧಾರ. ಆದ್ದರಿಂದ 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿ ಹಾಲನ್ನು ಮಕ್ಕಳು ಬಿಡದೆ ಕುಡಿಯುವಂತೆ ಪಾಲಕರು ತಿಳಿಹೇಳಬೇಕು.

ಬೇಸಿಗೆ ರಜೆಯಲ್ಲಿ ಶಾಲೆಯ ಒಲೆ ಆರಿದಾಗ ಈ ಎಚ್ಚರ ಇಮ್ಮಡಿಯಾಗಲಿ. ಮಕ್ಕಳ ಹುಟ್ಟುಹಬ್ಬ, ಹಿರಿಯರ ಸ್ಮರಣೆಯ ದಿನಗಳಲ್ಲಿ ಶಾಲೆಗಳಿಗೆ ಸಿಹಿ ಹಂಚುವ ಸದ್ಭಕ್ತರು ಮುಖ್ಯೋಪಾಧ್ಯಾಯರೊಡನೆ ಸಮಾಲೋಚಿಸಿ, ಅದರ ಬದಲು ಕಾಳಿನ ಉಸಲಿಯನ್ನೋ ಮಜ್ಜಿಗೆಯನ್ನೋ ಅರ್ಪಿಸಲಿ. ಬಡಿಸಿದ್ದು ಮಗುವಿನ ಮೈಗೆ ಹತ್ತಿದಾಗಲೇ ದಾಸೋಹ ಸಾರ್ಥಕ.