ಅಳಿಸಿದ ಕಡತ ಎಲ್ಲಿಗೆ ಹೋಗುತ್ತದೆ?



ಮನುಷ್ಯನು ತನ್ನ ನೆನಪನ್ನು ಕಾಪಾಡಿಕೊಳ್ಳಲು ಒಂದೊಂದು ಕಾಲದಲ್ಲಿ ಒಂದೊಂದು ಸಾಧನವನ್ನು ಬಳಸಿದ್ದಾನೆ. ಕಲ್ಲು, ತಾಮ್ರಪಟ, ತಾಳೆಗರಿ, ಕಾಗದ ಇವೆಲ್ಲವೂ ಆದ ಮೇಲೆ ಈಗ ಕಂಪ್ಯೂಟರಿನ ಕಾಲ ಬಂದಿದೆ. ನಮ್ಮ ಆಸ್ಪರಿ, ಆಲೂರು, ಆದೋನಿಗಳ ಸುತ್ತಲಿನ ಮನೆಗಳಲ್ಲಿಯೂ ಮದುವೆಯ ಫೋಟೋಗಳು, ಮಕ್ಕಳ ಅಂಕಪಟ್ಟಿಗಳು, ಹೊಲದ ಪಾಸ್‌ಬುಕ್ಕಿನ ಪ್ರತಿ, ಅಂಗಡಿಯ ಲೆಕ್ಕ ಎಲ್ಲವೂ ಇಂದು ಕಂಪ್ಯೂಟರಿನಲ್ಲಿಯೋ ಪೆನ್ ಡ್ರೈವಿನಲ್ಲಿಯೋ ಇರುತ್ತವೆ. ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಕುಟುಂಬಗಳು ನಮ್ಮ ಭಾಗದಲ್ಲಿ ಬಹಳ. ದೂರದಲ್ಲಿರುವವರ ಮುಖ ನೋಡಲು ಮನೆಯವರಿಗೆ ಉಳಿಯುವುದು ಆ ಫೋಟೋಗಳೇ.

ಹೀಗಿರುವಾಗ ಒಂದು ದಿನ ಬೆರಳು ತಪ್ಪಿ 'ಡಿಲೀಟ್' ಒತ್ತಿದರೆ ಏನು ಗತಿ? ಕಳೆದುಹೋದ ಅಂಕಪಟ್ಟಿಗೆ ಅರ್ಜಿ ಕೊಟ್ಟು ಇನ್ನೊಂದು ಪ್ರತಿ ಪಡೆಯಬಹುದು. ಆದರೆ ತೀರಿಹೋದ ಅಜ್ಜಿಯ ಫೋಟೋವನ್ನು ಯಾವ ಕಚೇರಿಯೂ ಮತ್ತೆ ಕೊಡಲಾರದು. ಆದ್ದರಿಂದ ಅಳಿಸಿದ ಕಡತ ಎಲ್ಲಿಗೆ ಹೋಗುತ್ತದೆ, ಅದನ್ನು ಮರಳಿ ಪಡೆಯುವುದು ಹೇಗೆ, ಯಾವಾಗ ಅದು ಅಸಾಧ್ಯ ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಅವಶ್ಯಕ.

ಕಡತವೂ ಅದರ ವಿಳಾಸವೂ

ಅನೇಕ ಕಂಪ್ಯೂಟರುಗಳು ತಮ್ಮ ಕಡತಗಳನ್ನು ಹಾರ್ಡ್ ಡಿಸ್ಕ್ ಎಂಬ ತಟ್ಟೆಗಳ ಮೇಲೆ ಕಾಂತದ ಗುರುತುಗಳಾಗಿ ಬರೆದಿಡುತ್ತವೆ. ಇಂಥ ಮೊದಲ ಹಾರ್ಡ್ ಡಿಸ್ಕನ್ನು ೧೯೫೬ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ತಯಾರಿಸಿತು. ಅದರಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದವು. ಇಷ್ಟಾದರೂ ಅದು ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದೆರಡು ಫೋಟೋಗಳಿಗೇ ಅಷ್ಟು ಜಾಗ ಬೇಕಾಗುತ್ತದೆ.

ನಮ್ಮ ಶಾಲೆಯ ಗ್ರಂಥಾಲಯವನ್ನು ನೆನೆಯಿರಿ. ಪುಸ್ತಕಗಳು ಬೀರುವಿನಲ್ಲಿರುತ್ತವೆ, ಯಾವ ಪುಸ್ತಕ ಯಾವ ಬೀರುವಿನ ಯಾವ ಸಾಲಿನಲ್ಲಿದೆ ಎಂಬುದು ರಿಜಿಸ್ಟರಿನಲ್ಲಿರುತ್ತದೆ. ಡಿಸ್ಕಿನ ವ್ಯವಸ್ಥೆಯೂ ಹೀಗೆಯೇ. ಒಂದು ಭಾಗದಲ್ಲಿ ಕಡತಗಳ ಹೆಸರು ಮತ್ತು ವಿಳಾಸಗಳ ಪಟ್ಟಿ. ಉಳಿದ ಭಾಗದಲ್ಲಿ ಕಡತಗಳ ಒಳಗಿನ ವಿಷಯ.

ನಾವು ಒಂದು ಕಡತವನ್ನು ಅಳಿಸಿದಾಗ ಕಂಪ್ಯೂಟರ್ ಬೀರುವಿನಿಂದ ಪುಸ್ತಕವನ್ನು ತೆಗೆದು ಸುಡುವುದಿಲ್ಲ. ರಿಜಿಸ್ಟರಿನಲ್ಲಿ ಆ ಹೆಸರಿನ ಮುಂದೆ 'ಈ ಜಾಗ ಖಾಲಿ' ಎಂದು ಗುರುತು ಹಾಕುತ್ತದೆ, ಅಷ್ಟೆ. ದೊಡ್ಡ ಕಡತವನ್ನು ಬರೆಯಲು ಬಹಳ ಹೊತ್ತು ಹಿಡಿದರೂ ಅಳಿಸಲು ಕ್ಷಣ ಮಾತ್ರ ಸಾಕಾಗುವುದು ಇದರಿಂದಲೇ. ಪುಸ್ತಕ ಬೀರುವಿನಲ್ಲಿಯೇ ಇರುತ್ತದೆ. ಆ ಜಾಗದಲ್ಲಿ ಹೊಸ ಪುಸ್ತಕ ಬಂದು ಕೂರುವವರೆಗೆ ಮಾತ್ರ.

ಹಳೆಯ ಎಂಎಸ್-ಡಾಸ್ ಕಂಪ್ಯೂಟರುಗಳಲ್ಲಿ ಈ ಗುರುತು ಬಹಳ ಸರಳವಾಗಿತ್ತು. ಅಳಿಸಿದ ಕಡತದ ಹೆಸರಿನ ಮೊದಲ ಅಕ್ಷರವನ್ನು ತೆಗೆದು ಅಲ್ಲಿ ಒಂದು ವಿಶೇಷ ಚಿಹ್ನೆ ಇಡಲಾಗುತ್ತಿತ್ತು. ಇದನ್ನು ಗಮನಿಸಿದ ಪೀಟರ್ ನಾರ್ಟನ್ ಎಂಬ ಅಮೆರಿಕದ ಪ್ರೋಗ್ರಾಮರ್ ೧೯೮೨ರಲ್ಲಿ ಅಳಿಸಿದ್ದನ್ನು ಮರಳಿ ಕೊಡುವ ಪ್ರೋಗ್ರಾಮನ್ನು ಹೊರತಂದರು. ಕಳೆದುಹೋದ ಮೊದಲ ಅಕ್ಷರವನ್ನು ತುಂಬಿಕೊಟ್ಟರೆ ಕಡತ ಮತ್ತೆ ಎದ್ದು ಕೂರುತ್ತಿತ್ತು. ೧೯೯೧ರ ಹೊತ್ತಿಗೆ ಎಂಎಸ್-ಡಾಸ್‌ನಲ್ಲಿಯೇ ಈ ಸೌಲಭ್ಯ ಸೇರಿತು. ೧೯೯೫ರ ವಿಂಡೋಸ್‌ನಲ್ಲಿ 'ರೀಸೈಕಲ್ ಬಿನ್' ಎಂಬ ಬುಟ್ಟಿ ಬಂತು.

ಕಡತ ಕಳೆದಾಗ ಮಾಡಬೇಕಾದ ಕ್ರಮ

೧. ಮೊದಲು ಗಾಬರಿಯಾಗಬಾರದು. ಅನೇಕ ವೇಳೆ ಕಡತ ಅಳಿಸಿರುವುದೇ ಇಲ್ಲ. ಮೌಸ್ ಜಾರಿ ಪಕ್ಕದ ಫೋಲ್ಡರಿಗೆ ಸರಿದಿರುತ್ತದೆ. ಕಡತದ ಹೆಸರಿನ ಒಂದು ಭಾಗವನ್ನು ಕೊಟ್ಟು ಹುಡುಕಬೇಕು. ಆಗತಾನೇ ಅಳಿಸಿದ್ದರೆ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮರಳಿ ಬರಬಹುದು.

೨. ರೀಸೈಕಲ್ ಬಿನ್ ತೆರೆದು ನೋಡಬೇಕು. ಅಲ್ಲಿದ್ದರೆ 'ರಿಸ್ಟೋರ್' ಎಂದರೆ ಸಾಕು, ಕಡತ ತನ್ನ ಹಳೆಯ ಜಾಗಕ್ಕೇ ಹೋಗುತ್ತದೆ. ಆದರೆ ಶಿಫ್ಟ್ ಕೀಲಿ ಹಿಡಿದು ಅಳಿಸಿದ್ದೂ, ಪೆನ್ ಡ್ರೈವಿನಿಂದ ಅಳಿಸಿದ್ದೂ ಸಾಮಾನ್ಯವಾಗಿ ಈ ಬುಟ್ಟಿಗೆ ಬೀಳುವುದಿಲ್ಲ.

೩. ಬೇರೆ ಪ್ರತಿ ಎಲ್ಲಿದೆ ಎಂದು ಯೋಚಿಸಬೇಕು. ಯಾರಿಗಾದರೂ ವಾಟ್ಸಾಪಿನಲ್ಲಿ ಕಳಿಸಿದ್ದೆವೇ? ಇಮೇಲ್ ಮಾಡಿದ್ದೆವೇ? ಫೋಟೋ ತೆಗೆದ ಫೋನಿನಲ್ಲಿಯೇ ಮೂಲ ಉಳಿದಿದೆಯೇ? ಫೋನಿನ ಫೋಟೋ ಆ್ಯಪ್‌ಗಳಿಗೂ ಗೂಗಲ್ ಡ್ರೈವಿಗೂ ತಮ್ಮದೇ ಕಸದ ಬುಟ್ಟಿಗಳಿವೆ. ಅವು ಕೆಲವು ದಿನ ಮಾತ್ರ ಕಾಯುತ್ತವೆ, ಆದ್ದರಿಂದ ತಡ ಮಾಡಬಾರದು.

೪. ಇಷ್ಟಕ್ಕೂ ಸಿಗದಿದ್ದರೆ ಆ ಡಿಸ್ಕಿನ ಮೇಲೆ ಕೆಲಸವನ್ನು ತಕ್ಷಣ ನಿಲ್ಲಿಸಬೇಕು. ಈ ಪಾಠದ ಜೀವಾಳ ಇದೇ. ಹೊಸ ಕಡತ ಬರೆಯಬಾರದು, ಸಿನಿಮಾ ಇಳಿಸಬಾರದು, ಕಡತ ಹುಡುಕುವ ಪ್ರೋಗ್ರಾಮನ್ನೇ ಆದರೂ ಅದೇ ಡಿಸ್ಕಿಗೆ ಹಾಕಬಾರದು. ಸುಮ್ಮನೆ ಇಂಟರ್ನೆಟ್ ನೋಡುತ್ತಿದ್ದರೂ ಕಂಪ್ಯೂಟರ್ ಒಳಗೊಳಗೇ ಡಿಸ್ಕಿನ ಮೇಲೆ ಬರೆಯುತ್ತಲೇ ಇರುತ್ತದೆ. ಆ ಬರವಣಿಗೆ ನಮ್ಮ ಅಜ್ಜಿಯ ಫೋಟೋದ ಮೇಲೆಯೇ ಬಿದ್ದರೆ ಮುಂದೆ ಯಾವ ತಜ್ಞನೂ ಅದನ್ನು ತೆಗೆಯಲಾರ.

೫. ಬಳಿಕ ಆ ಡಿಸ್ಕನ್ನು ಅಥವಾ ಪೆನ್ ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಅಲ್ಲಿಂದ ಹುಡುಕುವ ಪ್ರೋಗ್ರಾಮನ್ನು ನಡೆಸಬೇಕು. ಫೋಟೋರೆಕ್ ಎಂಬುದು ಹಣ ಕೊಡದೆ ಸಿಗುವ ಮುಕ್ತ ಪ್ರೋಗ್ರಾಮು. ಮೈಕ್ರೋಸಾಫ್ಟ್ ಸಂಸ್ಥೆಯೂ ೨೦೨೦ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬ ಉಚಿತ ಸಾಧನವನ್ನು ಹೊರತಂದಿತು. ಸಿಕ್ಕ ಕಡತಗಳನ್ನು ಮೂರನೆಯ ಜಾಗದಲ್ಲಿ ಉಳಿಸಬೇಕೇ ಹೊರತು ಕಳೆದ ಡಿಸ್ಕಿನಲ್ಲಿ ಅಲ್ಲ.

ವಜ್ರ ಹುಡುಕುವವರ ರೀತಿ

ಪಟ್ಟಿಯಲ್ಲಿ ವಿಳಾಸವೇ ಇಲ್ಲದ ಕಡತವನ್ನು ಇಂಥ ಪ್ರೋಗ್ರಾಮು ಹೇಗೆ ಕಂಡುಹಿಡಿಯುತ್ತದೆ ಎಂದು ನೀವು ಕೇಳಬಹುದು. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ತುಗ್ಗಲಿ, ಜೊನ್ನಗಿರಿ, ಮದ್ದಿಕೆರ ಕಡೆಯ ಕೆಂಪು ಹೊಲಗಳಲ್ಲಿ ಜನರು ವಜ್ರ ಹುಡುಕುತ್ತ ನಡೆಯುವುದನ್ನು ನೀವು ಕೇಳಿದ್ದೀರಿ. ವಜ್ರ ಎಲ್ಲಿದೆ ಎಂದು ಅವರ ಕೈಯಲ್ಲಿ ನಕ್ಷೆಯಿಲ್ಲ. ಹೊಲವನ್ನು ಅಂಗುಲ ಅಂಗುಲವಾಗಿ ನೋಡುತ್ತ, ಹೊಳಪಿನಿಂದಲೇ ಕಲ್ಲನ್ನು ಗುರುತಿಸಬೇಕು.

ಪ್ರೋಗ್ರಾಮಿನ ಕೆಲಸವೂ ಇದೇ ಬಗೆಯದು. ಒಂದೊಂದು ಜಾತಿಯ ಕಡತಕ್ಕೂ ಆರಂಭದಲ್ಲಿ ಒಂದೊಂದು ಗುರುತು ಇರುತ್ತದೆ. ಜೆಪೆಗ್ ಜಾತಿಯ ಫೋಟೋ ಯಾವಾಗಲೂ ೨೫೫, ೨೧೬ ಎಂಬ ಎರಡು ಸಂಖ್ಯೆಗಳಿಂದ ಆರಂಭವಾಗಿ ೨೫೫, ೨೧೭ರಿಂದ ಮುಗಿಯುತ್ತದೆ. ಪಿಡಿಎಫ್ ಕಡತದ ಆರಂಭದಲ್ಲಿ ಪಿ, ಡಿ, ಎಫ್ ಎಂಬ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ ಹೋಗಿ ಈ ಗುರುತು ಕಂಡಲ್ಲಿ ಪ್ರೋಗ್ರಾಮು ನಿಲ್ಲುತ್ತದೆ. ಹೀಗೆ ಸಿಕ್ಕ ಕಡತಕ್ಕೆ ಹಳೆಯ ಹೆಸರು ಇರುವುದಿಲ್ಲ. ನೂರಾರು ಕಡತಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಗುತ್ತದೆ. ಕಡತವು ತುಂಡು ತುಂಡಾಗಿ ಬೇರೆ ಬೇರೆ ಜಾಗಗಳಲ್ಲಿದ್ದರೆ ಅರ್ಧ ಚಿತ್ರವಷ್ಟೇ ಸಿಗಲೂಬಹುದು.

ಮರಳಿ ಬಾರದ ಸಂದರ್ಭಗಳು

ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ ಎಂಬ ಚಿಪ್ಪುಗಳಿರುತ್ತವೆ. ಚಿಪ್ಪಿನ ಜಾಗವನ್ನು ಮೊದಲು ಶುದ್ಧ ಮಾಡದೆ ಅದರ ಮೇಲೆ ಹೊಸದನ್ನು ಬರೆಯಲು ಬಾರದು. ಆದ್ದರಿಂದ ಕಡತ ಅಳಿಸಿದೊಡನೆ ಕಂಪ್ಯೂಟರ್ 'ಈ ಜಾಗ ನನಗೆ ಬೇಡ' ಎಂದು ಚಿಪ್ಪಿಗೆ ತಿಳಿಸುತ್ತದೆ. ಈ ಆಜ್ಞೆಗೆ 'ಟ್ರಿಮ್' ಎಂದು ಹೆಸರು. ಚಿಪ್ಪು ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೂ ಒರೆಸಿಬಿಡುತ್ತದೆ. ಹೀಗಾಗಿ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇರುವಷ್ಟು ಆಸೆ ಎಸ್‌ಎಸ್‌ಡಿಯಲ್ಲಿ ಇಡುವಂತಿಲ್ಲ.

ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅದು ಯಂತ್ರದ ದೋಷ. ಆಗ ವಿದ್ಯುತ್ತನ್ನು ಆರಿಸಬೇಕು. ಮತ್ತೆ ಮತ್ತೆ ಚಾಲೂ ಮಾಡಿದರೆ ತಟ್ಟೆಗಳೇ ಗೀಚಿಹೋಗಬಹುದು. ಮನೆಯಲ್ಲಿ ಅದನ್ನು ಬಿಚ್ಚಲೇಬಾರದು. ಅದು ಧೂಳಿಲ್ಲದ ಕೋಣೆಯಲ್ಲಿ ತಜ್ಞರು ಮಾಡುವ ಕೆಲಸ, ಖರ್ಚೂ ಹೆಚ್ಚು.

ಪೋಷಕರಿಗೆ ಇಲ್ಲಿ ಎರಡು ಮಾತು. ರಿಪೇರಿಗೆ ಕೊಟ್ಟ ಡಿಸ್ಕಿನಲ್ಲಿ ಮನೆಯವರ ಫೋಟೋ, ಬ್ಯಾಂಕಿನ ಕಾಗದ ಎಲ್ಲವೂ ಇರುತ್ತವೆ. ಗುರುತು ಪರಿಚಯವಿರುವವರ ಕೈಗೇ ಕೊಡಿ, ಸಾಧ್ಯವಾದರೆ ಎದುರಿಗೆ ಕುಳಿತು ಕೆಲಸ ಮಾಡಿಸಿ. ಎರಡನೆಯದಾಗಿ, ಅಳಿಸಿದ ಕಡತ ಉಳಿದಿರುತ್ತದೆ ಎಂಬುದಕ್ಕೆ ಇನ್ನೊಂದು ಮುಖವೂ ಇದೆ. ಹಳೆಯ ಕಂಪ್ಯೂಟರನ್ನು ಬರೀ ಡಿಲೀಟ್ ಮಾಡಿ ಮಾರಿದರೆ, ಕೊಂಡವರು ನಿಮ್ಮ ಕಡತಗಳನ್ನು ಎತ್ತಿಕೊಳ್ಳಬಹುದು. ಮಾರುವ ಮುನ್ನ ಡಿಸ್ಕನ್ನು ಪೂರ್ತಿಯಾಗಿ ಒರೆಸಬೇಕು, ಇಲ್ಲವೇ ತೆಗೆದಿಟ್ಟುಕೊಳ್ಳಬೇಕು.

ಕಣ್ಣ ಮುಂದಿದ್ದೂ ಓದಲಾಗದ ಕಡತ

ಕನ್ನಡದವರಾದ ನಮಗೆ ಇನ್ನೊಂದು ಬಗೆಯ ನಷ್ಟವೂ ಪರಿಚಿತ. ಹಳೆಯ ಪ್ರಶ್ನೆಪತ್ರಿಕೆಯನ್ನೋ ಕವಿತೆಯನ್ನೋ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿತ್ರವಿಚಿತ್ರ ಚಿಹ್ನೆಗಳೂ ಕಾಣುತ್ತವೆ. ಕಡತ ಕೆಟ್ಟಿತೆಂದು ಅದನ್ನು ಅಳಿಸಿದವರೂ ಇದ್ದಾರೆ. ಆದರೆ ಅದು ಕೆಟ್ಟಿರುವುದಿಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಲಾಗಿತ್ತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿಬೀಳುತ್ತದೆ. ಅದೇ ಫಾಂಟನ್ನು ಹಾಕಿದರೆ, ಅಥವಾ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಕನ್ನಡ ಮರಳಿ ಬರುತ್ತದೆ. ಯೂನಿಕೋಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. ಪರಿವರ್ತಿಸುವಾಗ ಮೂಲ ಕಡತವನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು, ಕೆಲವು ಒತ್ತಕ್ಷರಗಳು ತಪ್ಪಾಗಿ ಬರುವುದುಂಟು.

ಗುತ್ತಿಗೂ ಪತ್ತಿಕೊಂಡಕ್ಕೂ ನಡುವೆ ಇರುವ ಯರ್ರಗುಡಿಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅಲ್ಲಿಯ ಬ್ರಾಹ್ಮಿ ಅಕ್ಷರಗಳು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಅಲ್ಲಿಯೇ ಇದ್ದವು. ಆದರೆ ಆ ಲಿಪಿಯನ್ನು ಓದುವ ವಿದ್ಯೆ ಮರೆತುಹೋಗಿತ್ತು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಉತ್ತರದ ಶಾಸನಗಳ ಮೂಲಕ ಬ್ರಾಹ್ಮಿಯನ್ನು ಬಿಡಿಸಿದ ಮೇಲೆಯೇ ಇಂಥ ಬಂಡೆಗಳು ಮಾತನಾಡಲು ಸಾಧ್ಯವಾದದ್ದು. ಅಕ್ಷರವಿದ್ದರೆ ಸಾಲದು, ಅದನ್ನು ಓದುವ ಕೀಲಿಯೂ ಉಳಿಯಬೇಕು.

ಪ್ರತಿಯೇ ರಕ್ಷೆ

ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗಬಾರದು. ಕಡತವನ್ನು ಹುಡುಕುವ ವಿದ್ಯೆಗಿಂತ ಪ್ರತಿ ಇಡುವ ಅಭ್ಯಾಸ ಮೇಲು. ಇದಕ್ಕೆ ತಿಳಿದವರು ಹೇಳುವ ಸೂತ್ರ ಮೂರು, ಎರಡು, ಒಂದು. ಮುಖ್ಯವಾದ ಕಡತಕ್ಕೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಮನೆಯ ಹೊರಗಿರಲಿ. ಮನೆಯ ಕಂಪ್ಯೂಟರಿನಲ್ಲಿ ಒಂದು, ಬೀರುವಿನೊಳಗಿನ ಡಿಸ್ಕಿನಲ್ಲಿ ಒಂದು, ಊರಿನಾಚೆ ಇರುವ ಚಿಕ್ಕಪ್ಪನ ಮನೆಯಲ್ಲಿಯೋ ಇಂಟರ್ನೆಟ್ಟಿನಲ್ಲಿಯೋ ಒಂದು.

ದೊಡ್ಡವರಿಗೂ ಈ ಪಾಠ ತಪ್ಪಿದ್ದಲ್ಲ. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ 'ಟಾಯ್ ಸ್ಟೋರಿ ೨' ಎಂಬ ಮಕ್ಕಳ ಚಿತ್ರವನ್ನು ತಯಾರಿಸುತ್ತಿದ್ದಾಗ ಒಂದೇ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಭಾಗ ಅಳಿಸಿಹೋಯಿತು. ಸಂಸ್ಥೆಯಲ್ಲಿ ಪ್ರತಿ ತೆಗೆಯುವ ವ್ಯವಸ್ಥೆಯಿತ್ತು; ಆದರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಯಾರೂ ನೋಡಿರಲಿಲ್ಲ. ಕೊನೆಗೆ ಕಾಪಾಡಿದ್ದು ಒಂದು ಮನೆಯ ಕಂಪ್ಯೂಟರು. ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆ ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡಲೆಂದು ಚಿತ್ರದ ಪ್ರತಿಯನ್ನು ಅಲ್ಲಿ ಇರಿಸಿಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ತರಲಾಯಿತು. ೧೯೯೯ರಲ್ಲಿ ಚಿತ್ರ ತೆರೆಕಂಡಿತು. ಪ್ರತಿ ಇಟ್ಟರಷ್ಟೇ ಸಾಲದು, ಅದು ತೆರೆಯುತ್ತದೆಯೇ ಎಂದು ಆಗಾಗ ನೋಡಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಅಶೋಕನೂ ತನ್ನ ಮಾತನ್ನು ಒಂದೇ ಬಂಡೆಗೆ ಒಪ್ಪಿಸಲಿಲ್ಲ. ಯರ್ರಗುಡಿಯಲ್ಲಿರುವ ಅವನ ಕಿರು ಶಾಸನವೇ ಸ್ವಲ್ಪ ಹೆಚ್ಚು ಕಡಿಮೆಯಾಗಿ ಪತ್ತಿಕೊಂಡದ ಬಳಿಯ ರಾಜುಲಮಂಡಗಿರಿಯಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೆ. ಒಂದು ಕಡೆ ಸವೆದ ಅಕ್ಷರವನ್ನು ವಿದ್ವಾಂಸರು ಇನ್ನೊಂದು ಕಡೆಯ ಪ್ರತಿಯ ನೆರವಿನಿಂದ ಓದಿಕೊಂಡಿದ್ದಾರೆ.

ಮಾಡಿ ನೋಡಿ

ಅಧ್ಯಾಪಕರ ಸಮ್ಮುಖದಲ್ಲಿ, ಬೇಡವಾದ ಒಂದು ಖಾಲಿ ಪೆನ್ ಡ್ರೈವಿಗೆ ಹತ್ತು ಚಿತ್ರಗಳನ್ನು ಹಾಕಿ, ಎಲ್ಲವನ್ನೂ ಅಳಿಸಿ. ಫೋಟೋರೆಕ್ ನಡೆಸಿ ಎಷ್ಟು ಮರಳಿ ಬಂದವು ಎಂದು ಬರೆದುಕೊಳ್ಳಿ. ನಂತರ ಅದೇ ಡ್ರೈವನ್ನು ಬೇರೆ ಕಡತಗಳಿಂದ ಪೂರ್ತಿ ತುಂಬಿಸಿ, ಅವನ್ನೂ ಅಳಿಸಿ, ಮತ್ತೊಮ್ಮೆ ಹುಡುಕಿ. ಮೊದಲ ಹತ್ತು ಚಿತ್ರಗಳಲ್ಲಿ ಈಗ ಎಷ್ಟು ಸಿಕ್ಕವು? ಎರಡು ಸಂಖ್ಯೆಗಳ ವ್ಯತ್ಯಾಸಕ್ಕೆ ಕಾರಣವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಆ ಸಂಜೆ ಮನೆಗೆ ಹೋಗಿ, ಮನೆಯವರೊಂದಿಗೆ ಕುಳಿತು, ಮತ್ತೆ ಸಿಗಲಾರದ ಫೋಟೋಗಳು ಯಾವುವೆಂದು ಆರಿಸಿ ಅವುಗಳ ಇನ್ನೊಂದು ಪ್ರತಿಯನ್ನು ಮಾಡಿಡಿರಿ.